ಹಿಂದಣ ಅಂಗಳದ ನಗು



ಒಂದು ಚಿತ್ರವನ್ನು ಮನಸ್ಸಿನಲ್ಲಿ ಬಿಡಿಸಿಕೊಳ್ಳಿ. ಸುತ್ತಲೂ ಎತ್ತರದ ಗೋಡೆ, ನಡುವೆ ಇಕ್ಕಟ್ಟಾದ ಅಂಗಳ, ಅಂಗಳದಲ್ಲಿ ಬಡ ಮಕ್ಕಳು. ಅವರಲ್ಲೊಂದು ಮಗು ಮೇಲಿನ ಕಿಟಕಿಯತ್ತ ಕತ್ತೆತ್ತಿ ಅಮ್ಮನನ್ನು ಕೂಗುತ್ತಿದೆ. ಕಿಟಕಿಯಲ್ಲಿರುವ ಎರಡು ಹೂಕುಂಡಗಳನ್ನು ಅಮ್ಮ ಕೆಳಗೆ ಕೊಡಬೇಕಂತೆ. ಪುಟ್ಟ ಲೀಸ್‌ಶೆನ್‌ಗೆ ಹಸಿರಿನ ನಡುವೆ ಕೂರುವುದೆಂದರೆ ಬಲು ಇಷ್ಟವಂತೆ. ಚಿತ್ರ ಇಷ್ಟೇ, ಅದರ ಅಡಿಬರಹವೂ ಇಷ್ಟೇ. ಎರಡು ಕುಂಡಗಳನ್ನಿಟ್ಟು ತೋಟವನ್ನೇ ಮಾಡಿಕೊಳ್ಳುವ ಆ ಮಗುವಿನ ಜಾಣತನಕ್ಕೆ ನಮಗೆ ಥಟ್ಟನೆ ನಗು ಬರುತ್ತದೆ. ನಗುತ್ತ ನಗುತ್ತಲೇ ಕಣ್ಣು ಗೋಡೆಗಳ ಮೇಲೆ ಹರಿಯುತ್ತದೆ. ಈ ಅಂಗಳದಲ್ಲಿ ಹಸಿರು ಎಂದರೆ ಆ ಎರಡು ಕುಂಡ ಮಾತ್ರ ಎಂಬುದು ಆಗ ಅರಿವಿಗೆ ಬರುತ್ತದೆ.

ಈ ಚಿತ್ರ ಬರೆದವನು ಹೈನ್ರಿಖ್ ತ್ಸಿಲ್ಲೆ. ಅವನ ಊರು ಬರ್ಲಿನ್. ಅವನು ಪತ್ರಿಕೆಗಳಿಗೆ ಬರೆದ ಕಾಲ 20ನೆಯ ಶತಮಾನದ ಮೊದಲ ಮೂರು ದಶಕಗಳು. ಬಡ ಸಂಸಾರಗಳ ದಿನನಿತ್ಯದ ಬದುಕನ್ನು ನಗೆಪತ್ರಿಕೆಯ ಪುಟಕ್ಕೆ ತಂದವರಲ್ಲಿ ಅವನು ನನಗೆ ಬಹಳ ದೊಡ್ಡವನಾಗಿ ಕಾಣುತ್ತಾನೆ. ಏಕೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಸಂಸಾರವನ್ನು ಕುರಿತ ಯಾವ ನಗೆಚಿತ್ರವೇ ಆಗಲಿ, ಅದರಲ್ಲಿ ನಾವು ಮೊದಲು ನೋಡಬೇಕಾದದ್ದು ತಮಾಷೆಯ ಮಾತು ಯಾರ ಬಾಯಲ್ಲಿದೆ ಎಂಬುದನ್ನು. ತ್ಸಿಲ್ಲೆಯ ಚಿತ್ರಗಳಲ್ಲಿ ಅದು ಆ ಮನೆಯವರದೇ ಬಾಯಲ್ಲಿದೆ. ಬಡ ತಾಯಿ, ಬಡ ಮಗು ತಾವೇ ನಗಿಸುತ್ತಾರೆ. ಹಾಗಾಗಿ ನಮ್ಮ ನಗು ಅವರ ಮೇಲೆ ಬೀಳುವುದಿಲ್ಲ. ಅವರ ಜೊತೆ ನಿಂತು, ಅವರನ್ನು ಹಾಗೆ ಬದುಕಲು ಬಿಟ್ಟ ಗೋಡೆಗಳನ್ನು ನೋಡುವಂತೆ ಮಾಡುತ್ತದೆ.

ಇದು ಆ ಕಾಲಕ್ಕೆ ಎಷ್ಟು ಹೊಸದು ಎಂದು ಅರಿಯಲು ಅಂದಿನ ನಗೆಪತ್ರಿಕೆಗಳ ಪದ್ಧತಿ ತಿಳಿದಿರಬೇಕು. ಲಂಡನ್ನಿನ 'ಪಂಚ್' 1841ರಲ್ಲಿ ಶುರುವಾಯಿತು. ಮ್ಯೂನಿಕ್ಕಿನ 'ಫ್ಲೀಗೆಂಡೆ ಬ್ಲೆಟ್ಟರ್' 1845ರಲ್ಲಿ ಹುಟ್ಟಿತು. ಎರಡೂ ಮನೆಮಾತಾದ ಪತ್ರಿಕೆಗಳು. ಸಂಸಾರದ ತಮಾಷೆ ಎರಡರಲ್ಲೂ ಧಾರಾಳವಾಗಿತ್ತು. ಆದರೆ ಅದು ಬಹುಮಟ್ಟಿಗೆ ಉಳ್ಳವರ ಮನೆಯ ಪಡಸಾಲೆಯಲ್ಲಿ ನಡೆಯುತ್ತಿತ್ತು. ಅತಿಥಿಗಳ ಮುಂದೆ ಮುಜುಗರದ ಪ್ರಶ್ನೆ ಕೇಳುವ ಮಗು, ಯಜಮಾನಿಗೆ ಎದುರು ಮಾತಾಡುವ ಅಡುಗೆಯವಳು, ಹೊಸ ದುಡ್ಡು ಬಂದು ದೊಡ್ಡವರ ನಡೆನುಡಿ ಕಲಿಯಲು ಹೆಣಗುವ ವ್ಯಾಪಾರಿ ಅಲ್ಲಿನ ಪಾತ್ರಗಳು. ಬಡವರು ಆ ಚಿತ್ರಗಳೊಳಗೆ ಬರುವುದು ಹೆಚ್ಚಾಗಿ ಆಳಾಗಿ, ಕೂಲಿಯಾಗಿ, ಬಾಗಿಲಲ್ಲಿ ನಿಂತ ಭಿಕ್ಷುಕರಾಗಿ. ಅವರ ಅರಿಯದ ಮಾತು, ಅವರ ಒರಟುತನ ಇವೇ ನಗೆಯ ಸರಕು. ಆ ಚಿತ್ರಕಾರರಲ್ಲಿ ಬಹಳ ಸೊಗಸಾದ ಕೈಯವರಿದ್ದರು ನಿಜ. ಆದರೆ ಅವರು ನಿಂತು ನೋಡುತ್ತಿದ್ದ ಜಾಗ ಯಜಮಾನನ ಕುರ್ಚಿಯ ಪಕ್ಕದಲ್ಲಿತ್ತು.

1896ರಲ್ಲಿ ಮ್ಯೂನಿಕ್ಕಿನಿಂದ ಎರಡು ಹೊಸ ಪತ್ರಿಕೆಗಳು ಹೊರಟವು. ಒಂದು 'ಯೂಗೆಂಡ್', ಇನ್ನೊಂದು 'ಸಿಂಪ್ಲಿಸಿಸಿಮುಸ್'. ಆಲ್ಬರ್ಟ್ ಲಾಂಗೆನ್ ಹೊರಡಿಸಿದ 'ಸಿಂಪ್ಲಿಸಿಸಿಮುಸ್' ಅರಸನನ್ನೂ ಸೈನ್ಯಾಧಿಕಾರಿಗಳನ್ನೂ ಪಾದ್ರಿಗಳನ್ನೂ ಬಿಡಲಿಲ್ಲ. 1898ರಲ್ಲಿ ಜರ್ಮನಿಯ ಚಕ್ರವರ್ತಿಯ ಪ್ಯಾಲೆಸ್ಟೀನ್ ಯಾತ್ರೆಯನ್ನು ಹಾಸ್ಯ ಮಾಡಿದ್ದಕ್ಕೆ ಲಾಂಗೆನ್ ದೇಶ ಬಿಡಬೇಕಾಯಿತು, ಚಿತ್ರಕಾರ ಥಾಮಸ್ ಥಿಯೊಡೋರ್ ಹೈನೆ ಸೆರೆಮನೆ ಕಂಡ. ಇದರ ಜೊತೆಗೆ ಅಚ್ಚಿನ ವಿದ್ಯೆಯೂ ಬದಲಾಗಿತ್ತು. 1882ರಲ್ಲಿ ಗಿಯೋರ್ಗ್ ಮೈಸೆನ್‌ಬಾಖ್ ಎಂಬಾತ ಚಿತ್ರದ ಛಾಯೆಗಳನ್ನು ಸಣ್ಣ ಚುಕ್ಕಿಗಳಾಗಿ ಅಚ್ಚಿಗಿಳಿಸುವ ಹಾಫ್‌ಟೋನ್ ಬ್ಲಾಕಿಗೆ ಪೇಟೆಂಟ್ ಪಡೆದಿದ್ದ. ಅದಕ್ಕೆ ಮುಂಚೆ ಪತ್ರಿಕೆಯ ಚಿತ್ರವನ್ನು ಮರದ ಅಚ್ಚಿನಲ್ಲಿ ಯಾರಾದರೂ ಕೆತ್ತಬೇಕಿತ್ತು. ಚಿತ್ರಕಾರನ ಗೆರೆ ಕೆತ್ತುವವನ ಕೈಗೆ ಸಿಕ್ಕಿ ಬಿರುಸಾಗುತ್ತಿತ್ತು. ಹಾಫ್‌ಟೋನ್ ಬಂದ ಮೇಲೆ ಇದ್ದಲಿನ ಮಸಿ, ನೀರುಬಣ್ಣದ ತೆಳುಪು, ಗೋಡೆಯ ತೇವದ ಕಲೆ ಕೂಡ ಪತ್ರಿಕೆಯ ಪುಟಕ್ಕೆ ಇಳಿಯತೊಡಗಿದವು. ಮಸಿ ಹಿಡಿದ ಅಡುಗೆಮನೆ, ಮಬ್ಬು ಅಂಗಳ, ಮಾಸಿದ ಬಟ್ಟೆ ಇವನ್ನೇ ಬರೆಯಬೇಕಾದವನಿಗೆ ಇದು ದೊಡ್ಡ ವರವಾಯಿತು.

ಇನ್ನು ತ್ಸಿಲ್ಲೆಯ ಬದುಕಿಗೆ ಬರೋಣ. ಅವನು ಹುಟ್ಟಿದ್ದು 1858ರ ಜನವರಿ 10ರಂದು, ಡ್ರೆಸ್ಡೆನ್ ಬಳಿಯ ರಾಡೆಬುರ್ಗ್ ಎಂಬ ಸಣ್ಣ ಊರಿನಲ್ಲಿ. ತಂದೆ ಗಡಿಯಾರ, ಬೀಗ, ಲೋಹದ ಸಾಮಾನುಗಳ ಕೆಲಸ ಬಲ್ಲವನು. ತಾಯಿ ಗಣಿ ಕಾರ್ಮಿಕರ ಮನೆಯ ಮಗಳು. ಸಾಲದ ಕಾಟದಿಂದ ನೆಮ್ಮದಿ ಕೆಟ್ಟ ಸಂಸಾರ ಅದು. 1867ರಲ್ಲಿ ಅವರು ಬರ್ಲಿನ್‌ಗೆ ಬಂದು, ಸೈಲೀಸಿಯಾ ಕಡೆಯ ರೈಲುಗಳು ಬಂದು ನಿಲ್ಲುವ ನಿಲ್ದಾಣದ ಹತ್ತಿರ ಬಡವರ ಕೇರಿಯಲ್ಲಿ ನೆಲೆಸಿದರು. ಹುಡುಗನಿಗೆ ಆಗ ಒಂಬತ್ತು ವರ್ಷ. ತಾಯಿ ಮನೆಯಲ್ಲೇ ಕೂತು ಬಟ್ಟೆಯ ಚೂರುಗಳಿಂದ ಸೂಜಿ ಚುಚ್ಚಿಡುವ ಮೆತ್ತೆ, ಲೇಖನಿಯ ಮಸಿ ಒರೆಸುವ ಪುಟ್ಟ ಬೊಂಬೆ ಇವನ್ನೆಲ್ಲ ಹೊಲಿಯುತ್ತಿದ್ದಳು. ಮಕ್ಕಳೂ ಕೈಜೋಡಿಸುತ್ತಿದ್ದರು. ಹೈನ್ರಿಖ್ ಹಾಲು, ರೊಟ್ಟಿ, ಪತ್ರಿಕೆ ಹಂಚಿದ, ನಿಲ್ದಾಣಕ್ಕೆ ಬಂದಿಳಿದವರ ಗಂಟುಮೂಟೆ ಹೊತ್ತ. ಹೀಗೆ ಸಂಪಾದಿಸಿದ ಚಿಲ್ಲರೆಯಲ್ಲೇ ಒಬ್ಬ ಮೇಷ್ಟರ ಹತ್ತಿರ ಚಿತ್ರ ಬರೆಯುವ ಪಾಠ ಹೇಳಿಸಿಕೊಂಡ.

ಶಾಲೆ ಮುಗಿದಾಗ ಅಪ್ಪ ಅವನನ್ನು ಕಸಾಯಿ ಕೆಲಸಕ್ಕೆ ಹಚ್ಚಬೇಕೆಂದಿದ್ದ. ಹುಡುಗನಿಗೆ ರಕ್ತ ಕಂಡರೆ ಆಗುತ್ತಿರಲಿಲ್ಲ. ಆಗ ಚಿತ್ರದ ಮೇಷ್ಟರು ಬುದ್ಧಿ ಹೇಳಿದರು. ಕಲ್ಲಚ್ಚಿನ ಕೆಲಸ ಕಲಿತರೆ ಬೆಚ್ಚನೆಯ ಕೋಣೆಯಲ್ಲಿ ಕೂತು ದುಡಿಯಬಹುದು, ಬೆವರಬೇಕಿಲ್ಲ, ಒಳ್ಳೆಯ ಅಂಗಿ ತೊಡಬಹುದು, ಜನ ಬಹುವಚನದಲ್ಲಿ ಮಾತಾಡಿಸುತ್ತಾರೆ ಎಂಬುದು ಅವರ ಮಾತಿನ ತಾತ್ಪರ್ಯ. ಬಡ ಹುಡುಗನೊಬ್ಬನ ಕಣ್ಣಿಗೆ ಕಲೆಯ ಬಾಗಿಲು ತೆರೆದದ್ದು ಹೀಗೆ. ಬೆಚ್ಚನೆಯ ಕೋಣೆ ಮತ್ತು ಮರ್ಯಾದೆಯ ಮಾತು ಅವನಿಗೆ ಬೇಕಾಗಿದ್ದವು. 1872ರಲ್ಲಿ ಅವನು ಕಲ್ಲಚ್ಚಿನ ಕುಶಲಿಯೊಬ್ಬನ ಬಳಿ ಕಲಿಯಲು ಸೇರಿದ. ಸಂಜೆ ಸರ್ಕಾರಿ ಕಲಾಶಾಲೆಯ ತರಗತಿಗೆ ಹೋಗುತ್ತಿದ್ದ. ಅಲ್ಲಿ ಪಾಠ ಹೇಳುತ್ತಿದ್ದವರು ಥಿಯೊಡೋರ್ ಹೋಸೆಮನ್, ಬರ್ಲಿನ್ನಿನ ಸಾಮಾನ್ಯ ಜನರ ಚಿತ್ರಗಳಿಂದ ಹೆಸರಾದ ಹಿರಿಯ. ನನ್ನ ಚಿತ್ರಗಳನ್ನು ನೋಡಿ ನಕಲು ಮಾಡುವುದಕ್ಕಿಂತ ಬೀದಿಗಿಳಿದು ಕಣ್ಣಾರೆ ಕಂಡದ್ದನ್ನು ಬರೆ ಎಂಬರ್ಥದ ಬುದ್ಧಿಮಾತನ್ನು ಅವರು ಹುಡುಗನಿಗೆ ಹೇಳಿದರು. ತ್ಸಿಲ್ಲೆ ಆ ಮಾತನ್ನು ಸಾಯುವವರೆಗೆ ನಡೆಸಿದ.

ಆದರೆ ಅದು ಕೂಡಲೇ ಆಗಲಿಲ್ಲ. 1877ರಲ್ಲಿ ಅವನು ಬರ್ಲಿನ್ನಿನ 'ಫೋಟೋಗ್ರಾಫಿಶೆ ಗೆಸೆಲ್‌ಶಾಫ್ಟ್' ಎಂಬ ಸಂಸ್ಥೆಗೆ ಸೇರಿದ. ಪ್ರಸಿದ್ಧ ವರ್ಣಚಿತ್ರಗಳ ಪ್ರತಿಗಳನ್ನು ಅಚ್ಚುಹಾಕಿ ಮಾರುವುದು ಅದರ ವ್ಯವಹಾರ. ನಡುವೆ ಎರಡು ವರ್ಷ ಸೈನ್ಯದ ಚಾಕರಿ ಬಿಟ್ಟರೆ 1907ರವರೆಗೂ ಅಲ್ಲೇ ದುಡಿದ. 1883ರಲ್ಲಿ ಹುಲ್ಡಾ ಎಂಬಾಕೆಯನ್ನು ಮದುವೆಯಾದ. ಮೂರು ಮಕ್ಕಳಾದರು. 1892ರಲ್ಲಿ ಶಾರ್ಲೊಟೆನ್‌ಬುರ್ಗ್ ಭಾಗದ ಸೋಫೀ ಶಾರ್ಲೊಟೆನ್ ರಸ್ತೆಯ 88ನೆಯ ನಂಬರಿನ ಮನೆಗೆ ಬಂದವನು ಕೊನೆಯವರೆಗೂ ಅದೇ ಬಾಡಿಗೆ ಮನೆಯಲ್ಲಿದ್ದ. ಹೆಸರು ಬಂದ ಮೇಲೂ ಅಲ್ಲಿಂದ ಕದಲಲಿಲ್ಲ. ಹಗಲು ಪರರ ಚಿತ್ರಗಳಿಗೆ ಅಚ್ಚು ಸಿದ್ಧ ಮಾಡುವುದು, ಬಿಡುವಿನಲ್ಲಿ ಕೇರಿಗಳಲ್ಲಿ ಓಡಾಡಿ ಜೇಬಿನಲ್ಲಿಟ್ಟ ಕಾಗದದ ಚೂರುಗಳ ಮೇಲೆ ಕಂಡವರನ್ನು ಗೀಚಿಕೊಳ್ಳುವುದು ಇದು ಅವನ ಬದುಕಾಯಿತು. ಆ ಗೀಚುಗಳಿಂದಲೇ ಮುಂದೆ ನಗೆಪತ್ರಿಕೆಗಳ ಚಿತ್ರಗಳು ಮೂಡಿದವು.

ಅವನು ಓಡಾಡಿದ ಕೇರಿಗಳು ಎಂಥವು? ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಈ ಕಟ್ಟಡಗಳನ್ನು ತಿಳಿಯದೆ ತ್ಸಿಲ್ಲೆಯ ಒಂದು ನಗೆಯೂ ನಮಗೆ ಪೂರ್ತಿ ಸಿಗದು. 1877ರ ಹೊತ್ತಿಗೆ ಬರ್ಲಿನ್ನಿನ ಜನಸಂಖ್ಯೆ ಹತ್ತು ಲಕ್ಷ ದಾಟಿತು. 1905ಕ್ಕೆ ಇಪ್ಪತ್ತು ಲಕ್ಷವಾಯಿತು. ಹಳ್ಳಿಗಾಡಿನಿಂದ ಬಂದವರಿಗೆಲ್ಲ ಬಾಡಿಗೆ ಮನೆ ಬೇಕು. ನೆಲದ ಬೆಲೆ ಗಗನಕ್ಕೇರಿತ್ತು. ಕಟ್ಟಡದ ಒಡೆಯರು ಬೀದಿಯ ಕಡೆ ಅಲಂಕಾರದ ಮುಂಭಾಗವಿಟ್ಟು, ಅದರ ಹಿಂದೆ ಒಂದರ ಬೆನ್ನಿಗೊಂದು ಐದಂತಸ್ತಿನ ಮನೆಸಾಲುಗಳನ್ನು ಕಟ್ಟಿದರು. ಸಾಲು ಸಾಲುಗಳ ನಡುವೆ ಅಂಗಳ. ಅಂಗಳ ಎಷ್ಟಿರಬೇಕು ಎಂಬುದಕ್ಕೆ 1853ರ ಕಾನೂನು ಒಂದೇ ಅಳತೆ ಇಟ್ಟಿತ್ತು. ಬೆಂಕಿ ಬಿದ್ದರೆ ಅಗ್ನಿಶಾಮಕದ ಗಾಡಿ ಒಳಗೆ ಬಂದು ತಿರುಗಬೇಕು. ಅದಕ್ಕೆ ಸಾಕಾಗುವಷ್ಟು, ಅಂದರೆ ಉದ್ದಗಲ ತಲಾ 5.34 ಮೀಟರ್. ಗಾಡಿ ತಿರುಗಲು ಜಾಗ ಲೆಕ್ಕ ಹಾಕಿದವರು ಮಗು ಓಡಲು ಎಷ್ಟು ಬೇಕೆಂದು ಲೆಕ್ಕ ಹಾಕಲಿಲ್ಲ. ವೆಡ್ಡಿಂಗ್ ಭಾಗದ ಆಕರ್ ಬೀದಿಯಲ್ಲಿ 1870ರ ದಶಕದಲ್ಲಿ ಕಟ್ಟಿದ 'ಮೇಯರ್ಸ್ ಹೋಫ್' ಎಂಬ ಕಟ್ಟಡದಲ್ಲಿ ಹೀಗೆ ಒಂದರ ಹಿಂದೊಂದು ಆರು ಅಂಗಳಗಳಿದ್ದವು. ಒಂದೇ ಹೆಬ್ಬಾಗಿಲ ಹಿಂದೆ ಸುಮಾರು 2000 ಜನ ಬದುಕುತ್ತಿದ್ದರು.

ನಮ್ಮ ಹಳೆಯ ಬೆಂಗಳೂರು, ಮೈಸೂರುಗಳ ವಠಾರವನ್ನು ಕಂಡವರಿಗೆ ಇದರ ಒಂದು ಅಂದಾಜು ಸಿಗುತ್ತದೆ. ಹಲವು ಸಂಸಾರಕ್ಕೆ ಒಂದೇ ಅಂಗಳ, ಒಂದೇ ನಲ್ಲಿ, ಒಬ್ಬರ ಮನೆಯ ಜಗಳ ಎಲ್ಲರ ಕಿವಿಗೆ. ಆ ವಠಾರವನ್ನು ಐದು ಅಂತಸ್ತು ಎತ್ತರಿಸಿ, ನಾಲ್ಕು ಕಡೆಯೂ ಮುಚ್ಚಿ, ಮೇಲಿನ ಆಕಾಶವನ್ನು ಒಂದು ಚೌಕಕ್ಕೆ ಇಳಿಸಿಬಿಟ್ಟರೆ ಬರ್ಲಿನ್ನಿನ ಹಿಂದಣ ಅಂಗಳವಾಗುತ್ತದೆ. ಶತಮಾನದ ತಿರುವಿನಲ್ಲಿ ಅಲ್ಲಿನ ಅರ್ಧಕ್ಕೆ ಹತ್ತಿರ ಮನೆಗಳಲ್ಲಿ ಚಳಿಗೆ ಒಲೆ ಹಚ್ಚಬಹುದಾದ ಕೋಣೆ ಒಂದೇ ಒಂದು. ಅಂಥ ಚಳಿಯ ಊರಿನಲ್ಲಿ ಇದರ ಅರ್ಥ, ಇಡೀ ಸಂಸಾರ ಆ ಒಂದೇ ಕೋಣೆಯಲ್ಲಿ ಉಣ್ಣಬೇಕು, ಹೊಲಿಯಬೇಕು, ಮಲಗಬೇಕು, ಹೆರಬೇಕು, ಸಾಯಬೇಕು. ಶೌಚಾಲಯ ಅಂಗಳದಲ್ಲೋ ಮೆಟ್ಟಿಲ ನಡುವೆಯೋ ಇರುತ್ತಿತ್ತು, ಅದೂ ಹಲವು ಮನೆಗಳಿಗೆ ಸೇರಿ.

ಇದರಲ್ಲೂ ಬಾಡಿಗೆ ಕಟ್ಟಲು ಸಾಲದವರು ತಮ್ಮ ಮನೆಯ ಹಾಸಿಗೆಯನ್ನೇ ಬಾಡಿಗೆಗೆ ಕೊಡುತ್ತಿದ್ದರು. ಕೆಲಸಕ್ಕೆಂದು ಊರಿಗೆ ಬಂದ ಒಂಟಿ ಗಂಡಸು ಮನೆ ಹಿಡಿಯಲಾರದೆ ಮಲಗುವ ಜಾಗಕ್ಕಷ್ಟೇ ದುಡ್ಡು ಕೊಡುತ್ತಿದ್ದ. ರಾತ್ರಿಪಾಳಿಯವನು ಹಗಲು ಮಲಗಿ ಎದ್ದ ಹಾಸಿಗೆಯಲ್ಲಿ ರಾತ್ರಿ ಮನೆಯ ಮಕ್ಕಳು ಮಲಗುವುದೂ ಉಂಟು. ಇನ್ನೂ ಒಂದು ಬಗೆಯ ಜನ ಇದ್ದರು. ಹೊಸದಾಗಿ ಕಟ್ಟಿದ ಮನೆಯ ಗೋಡೆಗಳು ಒಣಗುವವರೆಗೆ, ಅಗ್ಗದ ಬಾಡಿಗೆಗೆ, ಆ ತೇವದಲ್ಲೇ ಸಂಸಾರ ಹೂಡುವವರು. ಗೋಡೆ ಒಣಗಿ ಮನೆ ವಾಸಕ್ಕೆ ಯೋಗ್ಯವಾದ ಕೂಡಲೇ ಅವರು ಗಂಟು ಕಟ್ಟಿ ಮತ್ತೊಂದು ಒದ್ದೆ ಮನೆಗೆ ಹೋಗಬೇಕು. ಅವರ ಮೈಯ ಬಿಸಿಯಿಂದ, ಒಲೆಯ ಬಿಸಿಯಿಂದ, ಉಸಿರಿನಿಂದ ಇನ್ನೊಬ್ಬರ ಮನೆ ಒಣಗುತ್ತಿತ್ತು.

ತ್ಸಿಲ್ಲೆ ಈ ಎಲ್ಲವನ್ನೂ ನಗೆಪತ್ರಿಕೆಯ ಪುಟದೊಳಗೆ ತಂದ. 1901ರಲ್ಲಿ ಬರ್ಲಿನ್ನಿನ ಹೊಸ ಕಲಾವಿದರ ಕೂಟವಾದ 'ಸೆಸೆಷನ್' ಕಪ್ಪುಬಿಳುಪು ಚಿತ್ರಗಳ ಪ್ರದರ್ಶನ ಮಾಡಿದಾಗ ಅವನ ಕೆಲಸ ಮೊದಲ ಸಲ ಸಾರ್ವಜನಿಕರ ಕಣ್ಣಿಗೆ ಬಿತ್ತು. ಆಗ ಅವನಿಗೆ 43 ವರ್ಷ. ಮುಂದೆ 'ಸಿಂಪ್ಲಿಸಿಸಿಮುಸ್', 'ಯೂಗೆಂಡ್', ಬರ್ಲಿನ್ನಿನ 'ಲುಸ್ಟಿಗೆ ಬ್ಲೆಟ್ಟರ್' ಮೂರರಲ್ಲೂ ಅವನ ಚಿತ್ರಗಳು ಬಂದವು. ಇನ್ನೊಂದು ಚಿತ್ರವನ್ನು ನೋಡಿ. ಅಂಗಳದ ಮಕ್ಕಳು ಅಲ್ಲಿರುವ ಹೂವಿನ ಹತ್ತಿರ ಸೇರಿದ್ದಾರೆ. ದೊಡ್ಡವಳೊಬ್ಬಳು ಗದರುತ್ತಾಳೆ: ಹೂವಿನ ತಂಟೆಗೆ ಹೋಗಬೇಡಿ, ಬೇಕಾದರೆ ಕಸದ ತೊಟ್ಟಿಯ ಜೊತೆ ಆಡಿಕೊಳ್ಳಿ ಎಂದು. ಆ ಗದರಿಕೆ ಯಾವ ವಠಾರದಲ್ಲೂ ಕೇಳಬಹುದಾದದ್ದು. ಅವಳು ಕೆಟ್ಟವಳಲ್ಲ. ಇಡೀ ಅಂಗಳದ ಹೂವನ್ನು ಕಾಪಾಡುತ್ತಿದ್ದಾಳೆ. ಆದರೆ ಅವಳ ಒಂದು ಮಾತಿನಿಂದ ನಮಗೆ ಗೊತ್ತಾಗುತ್ತದೆ, ಅಲ್ಲಿ ಮಕ್ಕಳಿಗೆ ಧಾರಾಳವಾಗಿ ಬಿಟ್ಟುಕೊಡಬಹುದಾದ ಆಟಿಕೆ ಕಸದ ತೊಟ್ಟಿಯೊಂದೇ.

ಅವನ ಕೈಯಲ್ಲಿ ಜನ ಹೇಗೆ ಮೂಡುತ್ತಿದ್ದರು ಎಂಬುದನ್ನೂ ಹೇಳಬೇಕು. ಕಪ್ಪು ಸೀಮೆಸುಣ್ಣ ಅವನಿಗೆ ಇಷ್ಟದ ಸಾಧನ. ಅದರ ಮೇಲೆ ಅಲ್ಲಲ್ಲಿ ನೀರುಬಣ್ಣ. ತೋಳು ಮಡಿಸಿ ನಿಂತ ದಪ್ಪನೆಯ ಹೆಂಗಸರು, ಮತ್ತೆ ಬಸುರಾದ ತಾಯಂದಿರು, ಜಾರಿದ ಕಾಲುಚೀಲ, ಸೋರುವ ಮೂಗು, ಅಣ್ಣನ ಹಳೆಯ ಷರಾಯಿ ತೊಟ್ಟ ತಮ್ಮ. ಎಲ್ಲಕ್ಕಿಂತ ಹೆಚ್ಚಾಗಿ, ತನ್ನ ಕಂಕುಳಿಗೆ ಭಾರವಾದ ಕೂಸನ್ನು ಎತ್ತಿಕೊಂಡು ಸೊಂಟ ಒಂದು ಕಡೆಗೆ ವಾಲಿಸಿ ನಿಂತ ಎಂಟು ಹತ್ತು ವರ್ಷದ ಅಕ್ಕ. ಅಮ್ಮ ದುಡಿಯಲು ಹೋದ ಮನೆಯಲ್ಲಿ ಆ ಹುಡುಗಿಯೇ ಅಮ್ಮ. ಅವನು ಅವರ ದೇಹವನ್ನು ಸುಂದರ ಮಾಡಲು ಹೋಗಲಿಲ್ಲ, ವಿಕಾರವೂ ಮಾಡಲಿಲ್ಲ. ಬ್ಯಾರೆಲ್ ಆರ್ಗನ್ ನುಡಿಸುವವನು ಅಂಗಳಕ್ಕೆ ಬಂದು ಹಿಡಿ ತಿರುಗಿಸಿದಾಗ ಅವೇ ಮಕ್ಕಳು ಕುಣಿಯುತ್ತಾರೆ, ಅವೇ ಹೆಂಗಸರು ಕಿಟಕಿಯಿಂದ ಬಾಗಿ ಕೇಳುತ್ತಾರೆ. ಅಂಥ ಚಿತ್ರದಲ್ಲಿ ಬಡತನವೂ ಇದೆ, ಸಂತೋಷವೂ ಇದೆ. ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ. ಬಡವರ ಮನೆಯನ್ನು ಬಲ್ಲವರಿಗಷ್ಟೇ ಇದು ಗೊತ್ತು.

ಬಡತನವನ್ನು ತಮಾಷೆ ಮಾಡಿ ಉಳ್ಳವರ ಪತ್ರಿಕೆಗೆ ಮಾರಿದನಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ಆ ಪತ್ರಿಕೆಗಳನ್ನು ಕೊಂಡು ಓದುತ್ತಿದ್ದವರಲ್ಲಿ ಬಹಳ ಮಂದಿ ಬೀದಿಯ ಕಡೆಯ, ಬೆಳಕಿನ ಮನೆಗಳವರು. ನನ್ನ ಉತ್ತರ ಅವನ ಇನ್ನೊಂದು ಚಿತ್ರದಲ್ಲಿದೆ. ಚಳಿಗಾಲ, ನೆಲದ ಮೇಲೆ ಹಿಮ. ಒಬ್ಬ ಬಡಕಲು ಹುಡುಗಿ ಜೊತೆಯ ಮಕ್ಕಳ ಮುಂದೆ ಹೆಮ್ಮೆ ಕೊಚ್ಚಿಕೊಳ್ಳುತ್ತಾಳೆ. ತಾನು ಮನಸ್ಸು ಮಾಡಿದರೆ ಹಿಮದ ಮೇಲೆ ರಕ್ತ ಉಗುಳಬಲ್ಲೆ ಎಂದು. ಮಕ್ಕಳು ತಮಗಿರುವ ಯಾವುದಾದರೂ ಒಂದು ಹೆಚ್ಚುಗಾರಿಕೆಯನ್ನು ಹೇಳಿಕೊಳ್ಳುತ್ತಾರಲ್ಲ, ಹಾಗೆ. ಅವಳ ಹತ್ತಿರ ಇರುವುದು ಕ್ಷಯರೋಗ ಒಂದೇ. ಬಂದ ನಗು ಗಂಟಲಲ್ಲೇ ನಿಲ್ಲುತ್ತದೆ. ಈ ಚಿತ್ರವನ್ನು ನೋಡಿ ಯಾರೂ ಬಡವರ ಮೇಲೆ ನಗಲಾರರು. ಬೆಳಕು ಗಾಳಿ ಇಲ್ಲದ ಆ ಕಟ್ಟಡಗಳಲ್ಲಿ ಕ್ಷಯ ಮನೆಯಿಂದ ಮನೆಗೆ ಹಬ್ಬುತ್ತಿದ್ದುದನ್ನು ವೈದ್ಯರು ಅಂಕಿಅಂಶಗಳಲ್ಲಿ ಬರೆದರು. ತ್ಸಿಲ್ಲೆ ಒಂದು ಮಗುವಿನ ಜಂಬದ ಮಾತಿನಲ್ಲಿ ಬರೆದ.

ಇದೇ ಊರಿನಲ್ಲಿ, ಇದೇ ಕಾಲದಲ್ಲಿ, ಇದೇ ಬಡವರನ್ನು ಬರೆದ ಇನ್ನೊಬ್ಬ ಮಹಾ ಕಲಾವಿದೆ ಕೇಟೆ ಕೋಲ್‌ವಿಟ್ಸ್. ಆಕೆಯ ಗಂಡ ಬಡವರ ವೈದ್ಯ. ಕಾಯಿಲೆಯವರು ಅವರ ಮನೆಯ ಮೆಟ್ಟಿಲು ಹತ್ತಿ ಬರುತ್ತಿದ್ದರು. ಆಕೆಯೂ 'ಸಿಂಪ್ಲಿಸಿಸಿಮುಸ್' ಪತ್ರಿಕೆಗೆ ಬಡ ಸಂಸಾರಗಳ ಚಿತ್ರಮಾಲೆ ಬರೆದಳು. ಆಕೆಯ ಚಿತ್ರಗಳಲ್ಲಿ ದುಃಖ ನೇರವಾಗಿ ಎದುರು ನಿಲ್ಲುತ್ತದೆ. ತಾಯಿ ಮಗುವನ್ನು ಅಪ್ಪಿದ್ದಾಳೆ, ಮಾತಿಲ್ಲ. ತ್ಸಿಲ್ಲೆಯ ತಾಯಂದಿರು ಮಾತಾಡುತ್ತಾರೆ, ಬೈಯುತ್ತಾರೆ, ನಗಿಸುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಗೌರವದಿಂದ ಕಂಡವರು. ಇಬ್ಬರನ್ನೂ ಜೊತೆಗಿಟ್ಟು ನೋಡಿದರೆ ಆ ಕಾಲದ ಬರ್ಲಿನ್ನಿನ ಬಡ ಮನೆ ನಮಗೆ ಪೂರ್ತಿಯಾಗಿ ಕಾಣುತ್ತದೆ.

1907ರಲ್ಲಿ ತ್ಸಿಲ್ಲೆಯನ್ನು ಮೂವತ್ತು ವರ್ಷ ದುಡಿದ ಸಂಸ್ಥೆಯಿಂದ ತೆಗೆದುಹಾಕಿದರು. ಅವನಿಗೆ ಆಗ 49. ತಿಂಗಳ ಸಂಬಳ ನಿಂತದ್ದು ಅವನ ಮನಸ್ಸನ್ನು ಬಹಳ ನೋಯಿಸಿತು. ಚಿತ್ರಕಾರ ಮ್ಯಾಕ್ಸ್ ಲೀಬರ್‌ಮನ್, ಶಿಲ್ಪಿ ಆಗಸ್ಟ್ ಗೌಲ್ ಮೊದಲಾದ ಗೆಳೆಯರು ಧೈರ್ಯ ತುಂಬಿದರು. ಅಲ್ಲಿಂದ ಮುಂದೆ ಪತ್ರಿಕೆಯ ಚಿತ್ರಗಳೇ ಅವನ ಅನ್ನವಾದವು. 1908ರಲ್ಲಿ 'ಬೀದಿಯ ಮಕ್ಕಳು' ಎಂಬ ಚಿತ್ರಸಂಪುಟ ಬಂತು. 1914ರಲ್ಲಿ 'ಮೈನ್ ಮಿಲ್ಯೋ', ಅಂದರೆ 'ನನ್ನ ನೆರೆಹೊರೆ' ಬಂತು. ಬರ್ಲಿನ್ನಿನ ಜನ ಅವನನ್ನು ಕುಂಚದ ಹೈನ್ರಿಖ್ ಎಂದೂ, ಅಪ್ಪ ತ್ಸಿಲ್ಲೆ ಎಂದೂ ಕರೆಯತೊಡಗಿದರು.

ಅದೇ 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ತ್ಸಿಲ್ಲೆ 'ಉಲ್ಕ್' ಎಂಬ ನಗೆಪತ್ರಿಕೆಗೆ ಫ್ರಾನ್ಸಿನ ರಣರಂಗದಲ್ಲಿರುವ ವಾಡಿಂಗ್ ಎಂಬ ವಯಸ್ಸಾದ ಸೈನಿಕನ ಕಥೆಯನ್ನು ಚಿತ್ರಮಾಲೆಯಾಗಿ ಬರೆದ. ಓದುಗರು ಮೆಚ್ಚಿದರು, ಪುಸ್ತಕವೂ ಆಯಿತು. ಆದರೆ ಅವನನ್ನು ಪ್ರೀತಿಸುವ ನನಗೆ ಈ ಚಿತ್ರಗಳಲ್ಲಿ ಅವನು ಸಿಗುವುದಿಲ್ಲ. ಇಲ್ಲಿನ ಉಲ್ಲಾಸ ಯುದ್ಧಕಾಲದ ಜನಕ್ಕೆ ಧೈರ್ಯ ತುಂಬಲು ತಂದುಕೊಂಡದ್ದು. ಅವನ ನಿಜವಾದ ಯುದ್ಧದ ಚಿತ್ರ 1916ರ ಒಂದು ಕಲ್ಲಚ್ಚು. ಬಡ ಮನೆ, ಒಬ್ಬ ವಿಧವೆ, ಸುತ್ತಲೂ ಅವಳ ಮಕ್ಕಳು. ರಣರಂಗದಲ್ಲಿ ಸತ್ತ ಗಂಡನಿಗೆ ಸಂದ ಶಿಲುಬೆಯ ಪದಕ ಅವರ ಮುಂದಿದೆ. ಆ ಮನೆಯೊಳಗೆ ಕಾಲಿಟ್ಟ ಕೂಡಲೇ ತ್ಸಿಲ್ಲೆಯ ಕೈ ಮತ್ತೆ ಸತ್ಯ ನುಡಿಯಿತು. ತಾನು ಬಲ್ಲ ಕೋಣೆಯಿಂದ ಹೊರಗೆ ಹೋದಾಗ ಅವನ ನಗೆಗೆ ಬಲ ಕಡಿಮೆ, ಒಳಗೆ ಬಂದಾಗ ಅವನನ್ನು ಮೀರಿಸುವವರಿಲ್ಲ. ಅವನ ಕಲೆಯ ನಿಯಮವನ್ನು ಅವನ ಚಿತ್ರಗಳೇ ಹೀಗೆ ಸ್ಪಷ್ಟ ಮಾಡುತ್ತವೆ.

ಇಷ್ಟೆಲ್ಲ ಕೇಳಿದ ಮೇಲೆ ಅವನ ಚಿತ್ರಗಳೆಲ್ಲ ಕತ್ತಲೆಯ ಅಂಗಳದಲ್ಲೇ ಇವೆ ಎಂದುಕೊಳ್ಳಬೇಡಿ. ಬರ್ಲಿನ್ನಿನ ಸುತ್ತ ಸರೋವರಗಳಿವೆ. ವಾನ್ಸೇ ಸರೋವರದ ದಡದಲ್ಲಿ 1907ರಲ್ಲಿ ಎಲ್ಲರೂ ಇಳಿದು ಮೀಯಲು ಅಪ್ಪಣೆ ಸಿಕ್ಕಿತು. ಬೇಸಿಗೆಯ ಭಾನುವಾರ ಆ ಹಿಂದಣ ಅಂಗಳಗಳ ಸಂಸಾರಗಳು ರೈಲು ಹತ್ತಿ ಅಲ್ಲಿಗೆ ಹೊರಟವು. ತ್ಸಿಲ್ಲೆಯೂ ಹೋದ. ಬುತ್ತಿಯ ಬುಟ್ಟಿ, ಅತ್ತೆ, ಅಜ್ಜಿ, ಕೈಗೂಸು, ಬರಿಮೈಯ ಮಕ್ಕಳು, ನೀರಿಗಿಳಿದು ಕಿರಿಚುವ ಧಡೂತಿ ಹೆಂಗಸರು, ಮರಳಿನ ಮೇಲೆ ಮೈಚಾಚಿ ಗೊರಕೆ ಹೊಡೆಯುವ ಅಪ್ಪಂದಿರು ಅವನ ಚಿತ್ರಗಳಲ್ಲಿ ಗಿಜಿಗುಟ್ಟುತ್ತಾರೆ. ಇವೆಲ್ಲ 1926ರಲ್ಲಿ ಒಂದು ಸಂಪುಟವಾಗಿ ಬಂದವು. ವಾರವಿಡೀ ಮಡಚಿಟ್ಟ ಕೈಕಾಲುಗಳನ್ನು ಬಿಚ್ಚಲು ಒಂದು ದಿನ ಜಾಗ ಸಿಕ್ಕಿದೆ. ಆ ಚಿತ್ರಗಳ ತುಂಬ ಹರಡಿರುವ ಆನಂದ ಅದು. ಅಂಗಳದ ಚಿತ್ರ ಮತ್ತು ಸರೋವರದ ಚಿತ್ರ ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಬೇರೆ ಭಾಷಣ ಬೇಡ. ಮನುಷ್ಯರು ಅವರೇ. ಜಾಗ, ಬೆಳಕು, ನೀರು ಸಿಕ್ಕಿದಾಗ ಅವರು ಹೇಗೆ ಅರಳುತ್ತಾರೆ ಎಂಬುದು ಕಣ್ಣಿಗೆ ಕಾಣುತ್ತದೆ.

1924ರಲ್ಲಿ ಪ್ರಷ್ಯದ ಕಲಾ ಅಕಾಡೆಮಿ ಅವನನ್ನು ಸದಸ್ಯನನ್ನಾಗಿ ಆರಿಸಿ ಪ್ರೊಫೆಸರ್ ಪದವಿ ಕೊಟ್ಟಿತು. ಆಗ ಅಕಾಡೆಮಿಯ ಅಧ್ಯಕ್ಷ ಅವನ ಗೆಳೆಯ ಲೀಬರ್‌ಮನ್. ಬಲಪಂಥೀಯ ಪತ್ರಿಕೆಯೊಂದು ಕಕ್ಕಸು ಮತ್ತು ಬಸುರಿಯರ ಚಿತ್ರಕಾರನಿಗೆ ಈ ಗೌರವವೇ ಎಂದು ಹೀಯಾಳಿಸಿತು. ಒಂದು ಊರಿನ ಸಾವಿರಾರು ತಾಯಂದಿರು ಪ್ರತಿದಿನ ಬದುಕುವ ಬದುಕು ಕಲೆಗೆ ಯೋಗ್ಯವೋ ಅಲ್ಲವೋ ಎಂಬ ಜಗಳ ಅದು. ಅಕಾಡೆಮಿ ಯೋಗ್ಯ ಎಂದು ತೀರ್ಪು ಕೊಟ್ಟಿತು. 1925ರಲ್ಲಿ ನಿರ್ದೇಶಕ ಗೆರ್ಹಾರ್ಡ್ ಲಾಂಪ್ರೆಖ್ಟ್ ಅವನ ಅನುಭವಗಳನ್ನು ಆಧರಿಸಿ ಸಿನಿಮಾ ಮಾಡಿದ. ಅವನ ಹೆಸರಿನಲ್ಲಿ ನೃತ್ಯಕೂಟಗಳು ನಡೆದು, ಉಳ್ಳವರು ಬಡವರ ವೇಷ ತೊಟ್ಟು ಕುಣಿದರು. ಇದು ಅವನ ಚಿತ್ರಗಳಿಗೆ ತಕ್ಕ ಗೌರವವೆಂದು ನನಗೆ ಅನ್ನಿಸುವುದಿಲ್ಲ. ಹರಿದ ಬಟ್ಟೆಯನ್ನು ತೊಟ್ಟವರು ಆ ಕೋಣೆಯ ತೇವವನ್ನು ತೊಡಲಿಲ್ಲ.

1929ರ ಆಗಸ್ಟ್ 9ರಂದು ತ್ಸಿಲ್ಲೆ ತೀರಿಕೊಂಡ. ಸ್ಟಾನ್ಸ್‌ಡೋರ್ಫ್ ಸ್ಮಶಾನದಲ್ಲಿ ಅವನನ್ನು ಮಣ್ಣು ಮಾಡುವಾಗ ಜನ ದೊಡ್ಡ ಸಂಖ್ಯೆಯಲ್ಲಿ ಸೇರಿದ್ದರು. 1970ರಲ್ಲಿ ಬರ್ಲಿನ್ ಅವನಿಗೆ ಮರಣೋತ್ತರವಾಗಿ ನಗರದ ಗೌರವ ಪೌರನ ಸ್ಥಾನ ಕೊಟ್ಟಿತು. ಮುಂದೆ ಅಲ್ಲಿ ಅವನ ಹೆಸರಿನ ಮ್ಯೂಸಿಯಂ ಕೂಡ ತೆರೆಯಿತು.

ಅವನ ಕೊನೆಯ ವರ್ಷಗಳಲ್ಲೇ ಬರ್ಲಿನ್ನಿನಲ್ಲಿ ಮನೆ ಕಟ್ಟುವ ರೀತಿಯೂ ಬದಲಾಗತೊಡಗಿತ್ತು. 1925ರಲ್ಲಿ ಬ್ರಿಟ್ಸ್ ಎಂಬ ಭಾಗದಲ್ಲಿ ಬ್ರೂನೋ ಟೌಟ್ ಮತ್ತು ಮಾರ್ಟಿನ್ ವಾಗ್ನರ್ ಎಂಬ ವಾಸ್ತುಶಿಲ್ಪಿಗಳು ಕುದುರೆಯ ಲಾಳದ ಆಕಾರದಲ್ಲಿ, ನಡುವೆ ಕೆರೆ, ಸುತ್ತ ತೋಟ ಇರುವ ಮನೆಗಳ ಬಡಾವಣೆಯನ್ನು ಶುರುಮಾಡಿದರು. 2008ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಒಂದು ನಗೆಚಿತ್ರ ಒಂದು ಮನೆಯನ್ನೂ ಕಟ್ಟಲಾರದು. ಕಟ್ಟುವುದಕ್ಕೆ ಎಂಜಿನಿಯರು, ದುಡ್ಡು, ಕಾನೂನು ಬೇಕು. ಆದರೆ ಹಿಂದಣ ಅಂಗಳದಲ್ಲಿ ಬದುಕುವವರಿಗೂ ನಮಗಿರುವಂಥದೇ ಮಾತು, ಆಸೆ, ಜಾಣತನ, ಜಂಬ ಇವೆ ಎಂದು ಬೀದಿಯ ಕಡೆಯ ಮನೆಯವರು ಒಪ್ಪಬೇಕಲ್ಲ, ಆ ಒಪ್ಪಿಗೆಯನ್ನು ವಾರವಾರವೂ ನಗಿಸುತ್ತಲೇ ಬೇಡಿದವನು ತ್ಸಿಲ್ಲೆ.

ಕೇಳುಗರೇ, ಸಂಸಾರದ ತಮಾಷೆ ಇಂದಿಗೂ ಪತ್ರಿಕೆಗಳ ಜೀವಾಳ. ಗಂಡ ಹೆಂಡತಿ, ಅತ್ತೆ ಸೊಸೆ, ಮನೆಕೆಲಸದವಳು, ತುಂಟ ಮಗು ಎಲ್ಲ ನಗೆಚಿತ್ರಗಳಲ್ಲೂ ಬರುತ್ತಾರೆ, ಬರಲಿ. ಅಂಥದೊಂದು ಚಿತ್ರ ಕಂಡಾಗ ಎರಡು ವಿಷಯ ನೋಡಿ ಎಂದು ಕೇಳಿಕೊಳ್ಳುತ್ತೇನೆ. ಮೊದಲನೆಯದು, ನಗಿಸುವ ಮಾತು ಯಾರದು? ಮನೆಕೆಲಸದವಳು ತಾನೇ ನಗಿಸುತ್ತಿದ್ದಾಳೋ, ಅವಳನ್ನು ನಿಲ್ಲಿಸಿಕೊಂಡು ನಾವು ನಗುತ್ತಿದ್ದೇವೋ? ಎರಡನೆಯದು, ಆ ಚಿತ್ರದಲ್ಲಿ ಮನೆ ಇದೆಯೋ? ಗೋಡೆ ಎಷ್ಟು ಹತ್ತಿರ, ಹಾಸಿಗೆ ಎಷ್ಟು, ಮಲಗುವವರು ಎಷ್ಟು, ಕಿಟಕಿಯಿಂದ ಏನು ಕಾಣುತ್ತದೆ? ಬರೆಯುವ ಎಳೆಯರಿಗೂ ನನ್ನ ಮಾತು ಇದೇ. ಒಂದು ಮನೆಯನ್ನು ನೋಡಿ ನಗುವ ಮುಂಚೆ ಅದರೊಳಗೆ ಹೋಗಿ, ಕೂತು, ಅಲ್ಲಿನವರು ತಮ್ಮ ಬದುಕಿನ ಬಗ್ಗೆ ತಾವೇ ಹೇಗೆ ನಗುತ್ತಾರೆ ಎಂದು ಕೇಳಿಸಿಕೊಳ್ಳಿ. ಅವರ ನಗೆ ನಮ್ಮ ಕಲ್ಪನೆಗಿಂತ ಚುರುಕಾಗಿರುತ್ತದೆ, ನಮ್ಮ ಕರುಣೆಗಿಂತ ನಿಜವಾಗಿರುತ್ತದೆ. ಅದನ್ನು ಕೆಡಿಸದೆ ಕಾಗದಕ್ಕೆ ಇಳಿಸುವುದು ದೊಡ್ಡ ಕಲೆ. ಬರ್ಲಿನ್ನಿನ ಒಬ್ಬ ಕಲ್ಲಚ್ಚಿನ ಕೆಲಸಗಾರ ಅದನ್ನು ಜೀವಮಾನವಿಡೀ ಮಾಡಿದ. ಅವನ ಚಿತ್ರಗಳನ್ನು ಹುಡುಕಿ ನೋಡಿ, ಮಕ್ಕಳಿಗೂ ತೋರಿಸಿ.